ಮೇಣದ ಬತ್ತಿಯ ಚರಿತ್ರೆ ಮತ್ತು ಅದರ ವಾಚಕರು

ಸಂಜೆಯ ಹೊತ್ತಿನಲ್ಲಿ ವಿದ್ಯುತ್ತು ನಿಂತುಹೋಯಿತೆಂದರೆ ಮನೆಯವರ ಕೈ ಕತ್ತಲಲ್ಲಿ ತಡಕುವುದು ಬೆಂಕಿಪೆಟ್ಟಿಗೆಯನ್ನು. ಅದರ ಹಿಂದೆಯೇ ಒಂದು ಮೇಣದ ಬತ್ತಿಯನ್ನು. ಬತ್ತಿ ಹೊತ್ತಿಕೊಂಡ ಮೇಲೆ ಅದರ ಬೆಳಕಿನಲ್ಲಿ ನಾವು ಮಿಕ್ಕ ಕೆಲಸಗಳನ್ನು ನೋಡಿಕೊಳ್ಳುತ್ತೇವೆಯೇ ಹೊರತು ಬತ್ತಿಯನ್ನು ನೋಡುವುದಿಲ್ಲ. ವಿದ್ಯುತ್ತು ಮರಳಿದೊಡನೆ ಊದಿ ಮೂಲೆಗಿಡುತ್ತೇವೆ.

ಕಾಲೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಒಂದು ಪ್ರಶ್ನೆ ಕೇಳುವುದುಂಟು: ಮೇಣದ ಬತ್ತಿಯಲ್ಲಿ ಉರಿಯುವುದು ಯಾವುದು? ನಡುವಿನ ನೂಲು ಎಂದು ಬಹುಮಂದಿ ಹೇಳುತ್ತಾರೆ. ಹಾಗಾದರೆ ಮೇಣ ಏನಾಯಿತು ಎಂದರೆ, ಕರಗಿಹೋಯಿತು ಎಂಬ ಉತ್ತರ ಬರುತ್ತದೆ. ಕರಗಿದ ಮೇಣ ಎಲ್ಲಿದೆ ಎಂದು ಕೇಳಿದರೆ ಕೊಠಡಿಯಲ್ಲಿ ಮೌನ. ಇವರೆಲ್ಲರೂ ಶಾಲೆಯಲ್ಲಿ ಜ್ವಾಲೆಯ ಚಿತ್ರವನ್ನು ಅಂದವಾಗಿ ಬರೆದು, ಅದರ ವಲಯಗಳಿಗೆ ಹೆಸರು ಕೊಟ್ಟು ಪೂರ್ಣ ಅಂಕಗಳನ್ನು ಪಡೆದವರೇ. ನಾನೂ ಹಾಗೆಯೇ ಪಡೆದವನು. ಪರೀಕ್ಷೆಗಾಗಿ ಚಿತ್ರವನ್ನು ಕಲಿತೆವು. ಬತ್ತಿಯನ್ನು ಮಾತ್ರ ಯಾರೂ ಹೊತ್ತಿಸಲಿಲ್ಲ.

ಈ ಪ್ರಶ್ನೆಯನ್ನೇ ಹಿಡಿದು ಆರು ಉಪನ್ಯಾಸಗಳನ್ನು ಮಾಡಿದವನು ಮೈಕೇಲ್ ಫ್ಯಾರಡೆ. ಆ ಉಪನ್ಯಾಸಗಳು 1861ರಲ್ಲಿ 'ಮೇಣದ ಬತ್ತಿಯ ರಾಸಾಯನಿಕ ಚರಿತ್ರೆ' ಎಂಬ ಅರ್ಥದ ಹೆಸರಿನಿಂದ ಇಂಗ್ಲಿಷಿನಲ್ಲಿ ಪುಸ್ತಕವಾದವು. ಬೆಂಕಿಯ ವಿಷಯವಾಗಿ ಜನಸಾಮಾನ್ಯರಿಗಾಗಿ ಬಂದ ಪುಸ್ತಕಗಳಲ್ಲಿ ಇಷ್ಟು ದೀರ್ಘಕಾಲ ಓದಿಸಿಕೊಂಡಿರುವುದು ಅಪರೂಪ. ಅದರ ವಿಷಯದಲ್ಲಿ ವಾಚಕರ ಅಭಿಪ್ರಾಯಗಳೂ ಒಂದೇ ಬಗೆಯಾಗಿಲ್ಲ. ಅದು ಮಕ್ಕಳ ಪುಸ್ತಕವೆಂದು ಕೆಲವರು, ಹಳೆಯದಾಯಿತೆಂದು ಕೆಲವರು, ವಿಜ್ಞಾನವನ್ನು ಕಲಿಸುವ ಬಗೆಗೆ ಅದೇ ಮಾದರಿಯೆಂದು ಕೆಲವರು ಹೇಳುತ್ತಾರೆ. ಈ ಅಭಿಪ್ರಾಯಗಳಲ್ಲಿ ಎಷ್ಟು ತಿರುಳಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಬೆಂಕಿಯನ್ನು ಬಳಸಿದ್ದು ಮೊದಲು, ತಿಳಿದದ್ದು ಕಡೆಗೆ

ಮಾನವನಿಗೆ ಬೆಂಕಿಯ ಪರಿಚಯ ಬಹು ಪ್ರಾಚೀನವಾದುದು. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯ ಆಳದಲ್ಲಿ ದೊರೆತ ಸಸ್ಯದ ಬೂದಿ ಮತ್ತು ಸುಟ್ಟ ಮೂಳೆಯ ಚೂರುಗಳು ಸುಮಾರು 10 ಲಕ್ಷ ವರ್ಷಗಳಷ್ಟು ಹಳೆಯವೆಂದು 2012ರಲ್ಲಿ ಪ್ರಕಟವಾಯಿತು. ಅಷ್ಟು ಕಾಲದಿಂದ ಜೊತೆಗಿದ್ದರೂ ಬೆಂಕಿಯೆಂದರೇನು ಎಂಬುದು ತಿಳಿದು ಇನ್ನೂ ಇನ್ನೂರೈವತ್ತು ವರ್ಷಗಳು ತುಂಬುತ್ತಿವೆ, ಅಷ್ಟೆ.

ಪಂಚಭೂತಗಳಲ್ಲಿ ಅಗ್ನಿಯೂ ಒಂದು ಎಂದು ನಮ್ಮ ಹಿರಿಯರು ಎಣಿಸಿದರು. ಗ್ರೀಕರೂ ಅದನ್ನು ಮೂಲವಸ್ತುಗಳಲ್ಲಿ ಸೇರಿಸಿದರು. ಹದಿನೆಂಟನೆಯ ಶತಮಾನದ ಯೂರೋಪಿನ ರಸಾಯನಜ್ಞರು, ಉರಿಯುವ ಪ್ರತಿಯೊಂದು ಪದಾರ್ಥದಲ್ಲಿಯೂ 'ಫ್ಲಾಜಿಸ್ಟನ್' ಎಂಬ ದ್ರವ್ಯವಿರುವುದೆಂದೂ, ಉರಿಯುವಾಗ ಅದು ಹೊರಬೀಳುವುದೆಂದೂ ನಂಬಿದ್ದರು. ಆದರೆ ಲೋಹವನ್ನು ಸುಟ್ಟರೆ ಅದರ ತೂಕ ಕಡಮೆಯಾಗುವ ಬದಲು ಹೆಚ್ಚುತ್ತಿತ್ತು. ಏನೋ ಹೊರಬಿದ್ದಿದ್ದರೆ ತೂಕ ಹೆಚ್ಚುವುದು ಹೇಗೆ? ಪ್ರೀಸ್ಟ್ಲಿಯು 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದನು. ಅದನ್ನರಿತ ಫ್ರಾನ್ಸಿನ ಲವೋಸಿಯೆಯು, ತಕ್ಕಡಿಯನ್ನು ಸಾಕ್ಷಿಯಾಗಿಟ್ಟುಕೊಂಡು, ಉರಿಯುವುದೆಂದರೆ ಪದಾರ್ಥವು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡುವುದು ಎಂದು ತೋರಿಸಿಕೊಟ್ಟನು. ಅಂದಿನಿಂದ ಬೆಂಕಿಯು ವಸ್ತುವಿನ ಪಟ್ಟಿಯಿಂದ ಕ್ರಿಯೆಯ ಪಟ್ಟಿಗೆ ಸೇರಿತು. ಹೊಳೆಯೆಂದು ನಾವು ಕರೆಯುವುದು ಹರಿಯುವ ನೀರನ್ನು. ನಿನ್ನೆಯ ನೀರು ಇಂದು ಅಲ್ಲಿಲ್ಲ. ದೀಪದ ಕುಡಿಯೂ ಅಂತಹುದೇ. ಒಂದೇ ಕುಡಿ ಒಂದು ಗಂಟೆ ನಿಂತಿರುವಂತೆ ಕಂಡರೂ ಅದರಲ್ಲಿನ ದ್ರವ್ಯ ಕ್ಷಣಕ್ಷಣಕ್ಕೂ ಬೇರೆ.

ಈ ಹೊಸ ತಿಳಿವನ್ನು ಪಂಡಿತರ ಮನೆಯಿಂದ ಮಕ್ಕಳ ಮುಂದಕ್ಕೆ ತಂದ ಕೀರ್ತಿ ಫ್ಯಾರಡೆಗೆ ಸಲ್ಲಬೇಕು. ಅವನ ಪುಸ್ತಕದ ಹೆಸರಿನಲ್ಲಿರುವ 'ಚರಿತ್ರೆ' ಎಂಬ ಮಾತಿಗೆ ರಾಜರ ಕಾಲಾನುಕ್ರಮವೆಂಬ ಅರ್ಥವಿಲ್ಲ; ಒಂದು ಪದಾರ್ಥದ ಹುಟ್ಟು, ನಡತೆ ಮತ್ತು ಗತಿಯ ವರ್ಣನೆ ಎಂಬ ಹಳೆಯ ಅರ್ಥದಲ್ಲಿ ಅದನ್ನು ಬಳಸಲಾಗಿದೆ. ಹೆಸರನ್ನು ನೋಡಿ ದೀಪಗಳ ಇತಿಹಾಸವನ್ನು ನಿರೀಕ್ಷಿಸಿ ತೆರೆದವರು ಮೊದಲು ಸ್ವಲ್ಪ ನಿರಾಶರಾಗುವುದು ಸಹಜ.

ವಾಚಕನೇ ಗ್ರಂಥಕರ್ತನಾದ ಕಥೆ

ಫ್ಯಾರಡೆಯು 1791ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಶಾಲೆಯ ವಿದ್ಯೆ ಅವನಿಗೆ ದೊರೆತದ್ದು ಅತ್ಯಲ್ಪ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಲಂಡನ್ನಿನ ರೀಬೋ ಎಂಬವನ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯಲು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಅವನ ಅಭ್ಯಾಸವಾಯಿತು. ಅವುಗಳಲ್ಲಿ ಒಂದು ಜೇನ್ ಮಾರ್ಸೆಟ್ ಎಂಬ ಮಹಿಳೆಯು ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ. ಅದರ ಮೊದಲ ಮುದ್ರಣಗಳ ಮೇಲೆ ಲೇಖಕಿಯ ಹೆಸರು ಸಹ ಇರಲಿಲ್ಲ. ಫ್ಯಾರಡೆಯು ಅದನ್ನು ಓದಿ ಸುಮ್ಮನಾಗಲಿಲ್ಲ. ತನ್ನ ಅಲ್ಪ ಸಂಪಾದನೆಯಲ್ಲಿ ಸಾಧ್ಯವಾದ ಪ್ರಯೋಗಗಳನ್ನು ಮಾಡಿ, ಪುಸ್ತಕ ಹೇಳಿದ್ದು ನಿಜವೇ ಎಂದು ಪರೀಕ್ಷಿಸಿದನು. ನಿಜವೆಂದು ಕಂಡಮೇಲೆಯೇ ಅದನ್ನು ನಂಬಿದನು. ತನ್ನ ವಿಜ್ಞಾನಕ್ಕೆ ಅಡಿಪಾಯ ಹಾಕಿಕೊಟ್ಟವಳು ಆ ಲೇಖಕಿಯೆಂದು ಮುಂದೆ ಪ್ರಸಿದ್ಧನಾದ ಮೇಲೆಯೂ ಅವನು ಕೃತಜ್ಞತೆಯಿಂದ ಸ್ಮರಿಸುತ್ತಿದ್ದನು.

1812ರಲ್ಲಿ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ದೊರೆಯಿತು. ಅವುಗಳ ಟಿಪ್ಪಣಿಯನ್ನು ಶುದ್ಧವಾಗಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ಅಲ್ಲಿಯೇ ಸಹಾಯಕನಾಗಿ ಸೇರಿದನು. ಆ ಸಂಸ್ಥೆಯಲ್ಲಿ ಕ್ರಿಸ್ಮಸ್ ರಜೆಯಲ್ಲಿ ಎಳೆಯರಿಗಾಗಿ ಉಪನ್ಯಾಸ ಮಾಡುವ ಪದ್ಧತಿ 1825ರಲ್ಲಿ ಆರಂಭವಾಯಿತು. ಫ್ಯಾರಡೆಯು 1827ರಿಂದ 1860ರವರೆಗೆ ಇಂತಹ 19 ಉಪನ್ಯಾಸಮಾಲೆಗಳನ್ನು ನಡೆಸಿಕೊಟ್ಟನು. ಮೇಣದ ಬತ್ತಿಯ ವಿಷಯವನ್ನು ಮೊದಲು 1848ರಲ್ಲಿ ಎತ್ತಿಕೊಂಡನು. 1860ರ ಡಿಸೆಂಬರಿನಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಕೊನೆಯ ಬಾರಿಗೆ ಎಳೆಯರ ಮುಂದೆ ನಿಂತಾಗಲೂ ಅದೇ ವಿಷಯವನ್ನು ಆರಿಸಿಕೊಂಡನು. ವಿದ್ಯುಚ್ಚಾಲಕ ಯಂತ್ರಕ್ಕೂ ವಿದ್ಯುಜ್ಜನಕಕ್ಕೂ ಮೂಲವಾದ ಶೋಧಗಳನ್ನು ಮಾಡಿದವನು ಕಡೆಯ ಮಾತಿಗೆ ಕಾಸಿನ ಬೆಲೆಯ ಮೇಣದ ಬತ್ತಿಯನ್ನು ಹಿಡಿದನೆಂಬುದು ಗಮನಾರ್ಹ.

ಆ ಉಪನ್ಯಾಸಗಳನ್ನು ಸಂಪಾದಿಸಿ ಪ್ರಕಟಿಸಿದವನು ವಿಲಿಯಂ ಕ್ರುಕ್ಸ್ ಎಂಬ ತರುಣ ರಸಾಯನಜ್ಞ. ಅದೇ 1861ರಲ್ಲಿ ಕ್ರುಕ್ಸನು ಜ್ವಾಲೆಯೊಂದರ ಬೆಳಕನ್ನು ವರ್ಣಪಟಲದರ್ಶಕದಲ್ಲಿ ನೋಡುತ್ತಿದ್ದಾಗ, ಅದುವರೆಗೆ ಯಾರೂ ಕಂಡಿರದ ಹಸಿರು ರೇಖೆಯೊಂದನ್ನು ಕಂಡನು. ಹಾಗೆ ಪತ್ತೆಯಾದ ಮೂಲವಸ್ತುವೇ ಥ್ಯಾಲಿಯಂ. ಜ್ವಾಲೆಯನ್ನು ಗಮನವಿಟ್ಟು ನೋಡಬೇಕೆಂಬ ಪುಸ್ತಕದ ಮೊದಲ ವಾಚಕನೇ ಅದರ ಫಲವನ್ನೂ ಪಡೆದನೆನ್ನಬಹುದು.

ಪುಸ್ತಕದಲ್ಲಿ ಏನಿದೆ?

ಘನವಾದ ಮೇಣ ಉರಿಯುವ ಸ್ಥಳಕ್ಕೆ ತಲಪುವುದು ಹೇಗೆ ಎಂಬುದು ಫ್ಯಾರಡೆಯ ಮೊದಲ ಪ್ರಶ್ನೆ. ಕುಡಿಯ ಶಾಖಕ್ಕೆ ಮೇಲಿನ ಮೇಣ ಕರಗುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿದಾಗ ಸುತ್ತಲಿನ ತಣ್ಣನೆಯ ಗಾಳಿಯು ಬತ್ತಿಯ ಮೈಯನ್ನು ಸವರುತ್ತ ಮೇಲಕ್ಕೆ ಬರುತ್ತದೆ. ಆದ್ದರಿಂದ ಅಂಚಿನ ಮೇಣ ತಂಪಾಗಿ ಗಟ್ಟಿಯಾಗಿಯೇ ಉಳಿದು, ನಡುವೆ ಒಂದು ಬಟ್ಟಲು ಏರ್ಪಡುತ್ತದೆ. ಆ ಬಟ್ಟಲಿನಲ್ಲಿ ದ್ರವ ನಿಂತಿರುತ್ತದೆ. ಮೈಮೇಲೆ ಗೀರು, ಅಲಂಕಾರಗಳಿರುವ ಚೆಲುವಾದ ಬತ್ತಿಗಳಲ್ಲಿ ಈ ಬಟ್ಟಲು ಸರಿಯಾಗಿ ಮೂಡದೆ ಮೇಣ ಸೋರಿಹೋಗುತ್ತದೆ. ನೋಡಲು ಸೊಗಸಾದುದೆಲ್ಲ ಕೆಲಸಕ್ಕೆ ಒದಗುವುದಿಲ್ಲವೆಂಬ ಈ ಮಾತನ್ನು ಫ್ಯಾರಡೆಯು ನಗುತ್ತಲೇ ಹೇಳಿರಬೇಕು.

ಬಟ್ಟಲಿನ ದ್ರವ ನೂಲಿನ ಮೂಲಕ ಮೇಲೇರುವುದು ಕೇಶಾಕರ್ಷಣದಿಂದ. ಪಂಚೆಯ ಒಂದು ತುದಿ ನೀರಿಗೆ ಬಿದ್ದರೆ ಒದ್ದೆ ಮೇಲಕ್ಕೆ ಹತ್ತಿಬರುವುದೂ, ಹಣತೆಯ ಬತ್ತಿಗೆ ಎಣ್ಣೆ ಏರುವುದೂ ಇದೇ ಕಾರಣದಿಂದ. ಫ್ಯಾರಡೆಯು ತಟ್ಟೆಯ ಮೇಲೆ ಉಪ್ಪಿನ ಕಂಬವೊಂದನ್ನು ನಿಲ್ಲಿಸಿ, ಅದರ ಬುಡಕ್ಕೆ ನೀಲಿಬಣ್ಣದ ದ್ರವವನ್ನು ಸುರಿದು, ಅದು ತಾನಾಗಿ ಮೇಲೇರುವುದನ್ನು ತೋರಿಸಿದನು. ನೂಲಿನ ತುದಿ ಮುಟ್ಟಿದ ಮೇಣ ಅಲ್ಲಿ ಆವಿಯಾಗುತ್ತದೆ. ಉರಿಯುವುದು ಆ ಆವಿ. ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಇದೇ ಉತ್ತರ.

ಇದನ್ನು ನಂಬಿಕೊಳ್ಳಿರೆಂದು ಫ್ಯಾರಡೆ ಹೇಳುವುದಿಲ್ಲ. ಚೆನ್ನಾಗಿ ಉರಿಯುತ್ತಿರುವ ಬತ್ತಿಯನ್ನು ಮೆಲ್ಲನೆ ಊದಿ ಆರಿಸಿ. ನೂಲಿನಿಂದ ಬಿಳಿಯ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಎರಡು ಮೂರು ಅಂಗುಲ ಮೇಲೆ ಆ ಎಳೆಗೆ ತಾಗಿಸಿದರೆ ಬೆಂಕಿಯು ಎಳೆಯ ಗುಂಟ ಕೆಳಗಿಳಿದು ನೂಲನ್ನು ಮತ್ತೆ ಹೊತ್ತಿಸುತ್ತದೆ. ಕಡ್ಡಿಯು ನೂಲನ್ನು ಮುಟ್ಟಿಯೇ ಇಲ್ಲ! ಇನ್ನೊಂದು ಪ್ರಯೋಗ: ದಪ್ಪ ಕಾಗದವೊಂದನ್ನು ಜ್ವಾಲೆಯ ನಡುವಿಗೆ ಅಡ್ಡಲಾಗಿ ಕ್ಷಣಮಾತ್ರ ಒತ್ತಿ, ಹೊತ್ತಿಕೊಳ್ಳುವ ಮೊದಲೇ ತೆಗೆದುಬಿಡಬೇಕು. ಕಾಗದದ ಮೇಲೆ ಕಂದಿದ ಬಳೆಯ ಗುರುತು ಮೂಡುತ್ತದೆ; ಬಳೆಯ ನಡುಭಾಗ ಅಷ್ಟಾಗಿ ಕಂದಿರುವುದಿಲ್ಲ. ಅಂದರೆ ಜ್ವಾಲೆಯ ಒಡಲಲ್ಲಿ ಉರಿಯಿಲ್ಲ. ಗಾಳಿಯೂ ಆವಿಯೂ ಸಂಧಿಸುವ ಹೊರಮೈಯಲ್ಲಿಯೇ ಉರಿ.

ಹಾಗಾದರೆ ಬೆಳಕು ಎಲ್ಲಿಂದ ಬಂತು? ಜ್ವಾಲೆಯೊಳಗೆ ಆಮ್ಲಜನಕ ಸಾಲದೆ ಮೇಣದ ಆವಿ ಒಡೆದು ಇಂಗಾಲದ ಅತಿಸೂಕ್ಷ್ಮ ಕಣಗಳಾಗುತ್ತವೆ. ಸುಮಾರು 1200 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಆ ಕಣಗಳೇ ಹಳದಿಯಾಗಿ ಬೆಳಗುತ್ತವೆ. ಅವು ಹೊರಮೈಗೆ ಬಂದೊಡನೆ ಉರಿದು ಮಾಯವಾಗುತ್ತವೆ. ದೀಪದ ಮೇಲೆ ತಟ್ಟೆಯನ್ನು ಬೋರಲಾಗಿ ಹಿಡಿದು ಕಾಡಿಗೆ ಮಾಡುವ ನಮ್ಮ ಹೆಂಗಸರು ಈ ಕಣಗಳನ್ನೇ ಉರಿದುಹೋಗುವ ಮೊದಲು ಸೆರೆಹಿಡಿಯುತ್ತಾರೆ. ಫ್ಯಾರಡೆ ತೋರಿಸಿದ ಮತ್ತೊಂದು ಸಂಗತಿಯನ್ನು ಬಿಸಿಲಿನಲ್ಲಿ ನೋಡಬಹುದು. ಕಿಟಕಿಯಿಂದ ಬೀಳುವ ಬಿಸಿಲಿಗೆ ಮೇಣದ ಬತ್ತಿಯನ್ನು ಅಡ್ಡವಿಟ್ಟರೆ ಗೋಡೆಯ ಮೇಲೆ ಜ್ವಾಲೆಯ ನೆರಳೂ ಬೀಳುತ್ತದೆ. ಯಾವ ಭಾಗ ಹೆಚ್ಚು ಬೆಳಗುವುದೋ ಅದರ ನೆರಳೇ ಹೆಚ್ಚು ಕಪ್ಪು. ಬೆಳಕು ಕೊಡುತ್ತಿರುವುದು ಘನಕಣಗಳೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕೆ?

ಇನ್ನು ಉಳಿದದ್ದು, ಮೇಣ ಎಲ್ಲಿ ಹೋಯಿತೆಂಬ ಪ್ರಶ್ನೆ. ಒಣಗಿದ ಗಾಜಿನ ಲೋಟವನ್ನು ಜ್ವಾಲೆಯ ಮೇಲೆ ಬೋರಲಾಗಿ ಹಿಡಿದರೆ ಒಳಮೈ ಮಂಜಾಗುತ್ತದೆ. ಅದು ನೀರು. ಆ ಲೋಟವನ್ನು ಕೂಡಲೆ ತಿರುಗಿಸಿ, ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟು ಬಸಿದ ತಿಳಿಯನ್ನು ಸ್ವಲ್ಪ ಹಾಕಿ ಕುಲುಕಿದರೆ ತಿಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಇಂಗಾಲಾಮ್ಲ ವಾಯುವಿನ, ಎಂದರೆ ಈಗ ನಾವು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲದ ಗುರುತು. ಲೆಕ್ಕ ಹಾಕಿದರೆ 10 ಗ್ರಾಂ ಮೇಣ ಉರಿದಾಗ ಸುಮಾರು 13 ಗ್ರಾಂ ನೀರೂ 31 ಗ್ರಾಂ ಇಂಗಾಲಾಮ್ಲವೂ ಉಂಟಾಗುತ್ತವೆ. ಹೆಚ್ಚಿನ 34 ಗ್ರಾಂ ಗಾಳಿಯಿಂದ ಸೇರಿದ ಆಮ್ಲಜನಕದ್ದು. ಹಿಡಿಯಷ್ಟು ಮೇಣ ಇಲ್ಲವಾಯಿತೆಂದು ನಾವು ತಿಳಿದಿದ್ದೆವು; ಅದು ನಾಲ್ಕುಪಟ್ಟು ತೂಕದ ಅದೃಶ್ಯ ಪದಾರ್ಥವಾಗಿ ನಮ್ಮ ಕೋಣೆಯಲ್ಲಿಯೇ ತುಂಬಿಕೊಂಡಿದೆ.

ಕೊನೆಯ ಉಪನ್ಯಾಸದಲ್ಲಿ ಫ್ಯಾರಡೆಯು ಬತ್ತಿಯನ್ನು ಬಿಟ್ಟು ಮನುಷ್ಯನತ್ತ ತಿರುಗುತ್ತಾನೆ. ಸುಣ್ಣದ ತಿಳಿಯೊಳಗೆ ಕೊಳವೆಯಿಂದ ಉಸಿರನ್ನು ಊದಿದರೂ ಅದು ಬೆಳ್ಳಗಾಗುತ್ತದೆ. ನಾವು ತಿಂದ ಅನ್ನದಲ್ಲಿನ ಇಂಗಾಲವೂ ಆಮ್ಲಜನಕದೊಡನೆ ಕೂಡಿ ಅದೇ ವಾಯುವಾಗಿ ಹೊರಬರುತ್ತದೆ. ಒಬ್ಬ ಮನುಷ್ಯನು ದಿನಕ್ಕೆ 7 ಔನ್ಸ್ ಇಂಗಾಲವನ್ನು ಹೀಗೆ ಉಸಿರಾಗಿ ಬಿಡುತ್ತಾನೆಂದು ಅವನು ತಿಳಿಸಿದನು. ಇದು ಇಂದಿನ ಅಳತೆಗಳಿಗೆ ಬಹು ದೂರವೇನೂ ಇಲ್ಲ. ಈ ಹೋಲಿಕೆಗೆ ಭೌತಶಾಸ್ತ್ರದ ಕಡೆಯಿಂದ ಒಂದು ಅಂಕಿಯನ್ನು ಸೇರಿಸಬಹುದು. ಗಂಟೆಗೆ 6 ಗ್ರಾಂ ಮೇಣವನ್ನು ಉರಿಸುವ ಬತ್ತಿಯು ಬಿಡುಗಡೆ ಮಾಡುವ ಶಾಖ ಸುಮಾರು 77 ವಾಟ್. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖವೂ 80ರಿಂದ 100 ವಾಟ್. ಬೆಂಕಿಯೂ ಉಸಿರೂ ಒಂದೇ ಕುಲದವು ಎಂಬ ಮಾತು ಬರಿಯ ಕವಿಕಲ್ಪನೆಯಲ್ಲ.

ವಾಚಕರ ಅಭಿಪ್ರಾಯಗಳು

ಈ ಉಪನ್ಯಾಸಗಳ ಬೆಲೆಯನ್ನು ಅವು ಪುಸ್ತಕವಾಗುವ ಮೊದಲೇ ಅರಿತವನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಅವನು 1850ರಲ್ಲಿ ಫ್ಯಾರಡೆಗೆ ಪತ್ರ ಬರೆದು ಉಪನ್ಯಾಸಗಳ ಟಿಪ್ಪಣಿಗಳನ್ನು ಬೇಡಿದನು. ಅದೇ ವರ್ಷ ಅವನ ವಾರಪತ್ರಿಕೆಯಲ್ಲಿ ಪರ್ಸಿವಲ್ ಲೀ ಎಂಬವನು ಮೇಣದ ಬತ್ತಿಯ ರಸಾಯನವನ್ನು ಕಥೆಯಾಗಿ ಬರೆದನು. ಅದರಲ್ಲಿ ಉಪನ್ಯಾಸ ಕೇಳಿಬಂದ ಹುಡುಗನೊಬ್ಬನು ಮನೆಯಲ್ಲಿ ಹಿರಿಯನಾದ ತನ್ನ ಬಂಧುವಿಗೆ ಎಲ್ಲವನ್ನೂ ವಿವರಿಸುತ್ತಾನೆ. ಬತ್ತಿಯ ಮುಂದೆ ಹಿರಿಯ ಕಿರಿಯರೆಂಬ ಭೇದವಿಲ್ಲ. ನೋಡಿದವನು ಹೇಳುವನು, ನೋಡದವನು ಕೇಳುವನು.

ಹೀಗಿದ್ದರೂ, ಇದು ಮಕ್ಕಳ ಪುಸ್ತಕ, ದೊಡ್ಡವರಿಗೆ ಇದರಲ್ಲೇನಿದೆ ಎಂಬ ಅಭಿಪ್ರಾಯ ಉಳಿದೇ ಬಂದಿದೆ. ಅದಕ್ಕೆ ಉತ್ತರವನ್ನು ಜಪಾನಿನಲ್ಲಿ ಹುಡುಕಬಹುದು. 2016ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದ ಯೋಶಿನೋರಿ ಓಸುಮಿ ಅವರು, ಬಾಲ್ಯದಲ್ಲಿ ಅಣ್ಣನು ತಂದುಕೊಟ್ಟ ಪುಸ್ತಕಗಳಲ್ಲಿ ಇದೂ ಒಂದೆಂದು ಹೇಳಿದ್ದಾರೆ. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಅಕಿರ ಯೋಶಿನೋ ಅವರು ಪ್ರಾಥಮಿಕ ಶಾಲೆಯಲ್ಲಿದ್ದಾಗ ಉಪಾಧ್ಯಾಯರ ಸೂಚನೆಯಿಂದ ಈ ಪುಸ್ತಕವನ್ನು ಓದಿ ರಸಾಯನಶಾಸ್ತ್ರದತ್ತ ಒಲಿದರು. ಅವರಿಗೆ ಪಾರಿತೋಷಕ ಬಂದದ್ದು ನಮ್ಮ ಕೈಯಲ್ಲಿರುವ ದೂರವಾಣಿಗಳಿಗೆ ಶಕ್ತಿ ಕೊಡುವ ಲಿಥಿಯಂ ವಿದ್ಯುತ್ಕೋಶಕ್ಕಾಗಿ. ಅಂತಹ ಕೋಶವನ್ನು ವಿವರಿಸಲು ಬೇಕಾದ 'ಅಯಾನು', 'ಎಲೆಕ್ಟ್ರೋಡು' ಎಂಬ ಮಾತುಗಳನ್ನು 1834ರಲ್ಲಿ ಬಳಕೆಗೆ ತಂದವನೂ ಫ್ಯಾರಡೆಯೇ. ಅವನ ಕೊನೆಯ ಉಪನ್ಯಾಸದ ಮೇಜಿನ ಮೇಲೆ ಜಪಾನಿನಿಂದ ಬಂದ ಎರಡು ಮೇಣದ ಬತ್ತಿಗಳಿದ್ದುವು. ಬತ್ತಿಗಳು ಲಂಡನ್ನಿಗೆ ಹೋದವು. ಪುಸ್ತಕವು ಜಪಾನಿಗೆ ಬಂದಿತು. ಮಕ್ಕಳು ಓದುವ ಪುಸ್ತಕ ಮಕ್ಕಳಲ್ಲಿಯೇ ನಿಂತುಬಿಡುವುದಿಲ್ಲ.

ಪುಸ್ತಕ ಹಳೆಯದಾಯಿತೆಂಬುದು ಎರಡನೆಯ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿದೆ. ಕಾದ ಘನವಸ್ತು ಯಾವ ಬಣ್ಣದಿಂದ ಬೆಳಗುವುದೆಂಬುದರ ಸರಿಯಾದ ನಿಯಮವನ್ನು ಪ್ಲಾಂಕ್ ಕಂಡುಹಿಡಿದದ್ದು 1900ರಲ್ಲಿ. ಜ್ವಾಲೆಯ ಬುಡದ ನೀಲಿಗೆ ಇಂಗಾಲದ ಕಣಗಳು ಕಾರಣವಲ್ಲ. ಎರಡು ಇಂಗಾಲ ಪರಮಾಣುಗಳು, ಅಥವಾ ಒಂದು ಇಂಗಾಲ ಒಂದು ಜಲಜನಕ ಸೇರಿದ ಅಲ್ಪಾಯುಷಿ ಅಣುಗಳು ಆ ಬೆಳಕನ್ನು ಚೆಲ್ಲುತ್ತವೆ. ಇವು ಫ್ಯಾರಡೆಗೆ ತಿಳಿದಿರಲು ಸಾಧ್ಯವಿರಲಿಲ್ಲ. ಆದರೆ ಹೊಸ ಸಂಶೋಧನೆಗಳು ಅವನ ಮಾತನ್ನು ಅಳಿಸುವ ಬದಲು ಮುಂದುವರಿಸಿರುವುದೇ ಹೆಚ್ಚು. ಏರುವ ಗಾಳಿಯ ಪ್ರವಾಹವೇ ಜ್ವಾಲೆಗೆ ಉದ್ದನೆಯ ಆಕಾರ ಕೊಡುವುದೆಂದು ಅವನು ತಿಳಿಸಿದ್ದನು. ಪ್ರವಾಹವೇ ಇಲ್ಲದಿದ್ದರೆ? 1992ರಲ್ಲಿ ಅಮೆರಿಕದ ಆಕಾಶನೌಕೆಯೊಂದರಲ್ಲಿ ಮೇಣದ ಬತ್ತಿಯನ್ನು ಹೊತ್ತಿಸಿ ನೋಡಿದರು. ಭಾರವೆಂಬುದೇ ತೋರದ ಅಲ್ಲಿ ಬಿಸಿಗಾಳಿಗೆ ಮೇಲೆ ಕೆಳಗೆ ಎಂಬುದಿಲ್ಲ. ಜ್ವಾಲೆಯು ಮೊನೆಯಿಲ್ಲದೆ, ನೀಲಿಯ ಮಂದವಾದ ಅರ್ಧಗೋಳವಾಗಿ ನಿಂತಿತು.

ಇನ್ನೊಂದು ಸೋಜಿಗವಿದೆ. ರತ್ನಗಳ ಹೊಳಪಿಗಿಂತಲೂ ಜ್ವಾಲೆಯ ಸೊಬಗು ಮಿಗಿಲೆಂದು ಫ್ಯಾರಡೆಯು ಮಕ್ಕಳಿಗೆ ಹೇಳಿದ್ದನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ವೂಜೋಂಗ್ ಜೋ ಅವರು 2011ರಲ್ಲಿ ಜ್ವಾಲೆಯ ಒಳಗಿನ ಕಣಗಳನ್ನು ಸೆಳೆದು ಪರೀಕ್ಷಿಸಿದಾಗ ಅವುಗಳಲ್ಲಿ ಅತಿಸೂಕ್ಷ್ಮವಾದ ವಜ್ರದ ಕಣಗಳು ಕಂಡುಬಂದುವು. ಸೆಕೆಂಡಿಗೆ ಸುಮಾರು 15 ಲಕ್ಷದಂತೆ ಹುಟ್ಟುವ ಈ ವಜ್ರಗಳು ಅಲ್ಲಿಯೇ ಉರಿದುಹೋಗುತ್ತವೆ.

ನನ್ನ ದೃಷ್ಟಿಯಲ್ಲಿ ಪುಸ್ತಕ ನಿಜವಾಗಿ ಹಳೆಯದಾಗಿರುವ ಸ್ಥಳ ಬೇರೊಂದು. ಬತ್ತಿಯೂ ಪ್ರಾಣಿಗಳೂ ಬಿಟ್ಟ ಇಂಗಾಲಾಮ್ಲವನ್ನು ಗಿಡಮರಗಳು ಹೀರಿಕೊಂಡು ಬೆಳೆಯುವುವೆಂದೂ, ಒಂದಕ್ಕೆ ತ್ಯಾಜ್ಯವಾದುದು ಇನ್ನೊಂದಕ್ಕೆ ಆಹಾರವೆಂದೂ ಫ್ಯಾರಡೆಯು ಕೊನೆಯಲ್ಲಿ ವರ್ಣಿಸುತ್ತಾನೆ. ಅಂದಿನ ವಾಚಕನಿಗೆ ಅದು ನೆಮ್ಮದಿಯ ಮಾತು. ಇಂದಿನ ವಾಚಕನು ಆ ಪುಟವನ್ನು ಅಷ್ಟು ನೆಮ್ಮದಿಯಿಂದ ಓದಲಾರನು. ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1859ರಿಂದಲೇ ಜಾನ್ ಟಿಂಡಲನು ಈ ವಾಯು ಶಾಖಕಿರಣಗಳನ್ನು ಹೀರುವುದನ್ನು ಅಳೆಯುತ್ತಿದ್ದನು. ಕೈಗಾರಿಕೆಗಳು ಬೆಳೆಯುವ ಮೊದಲು ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲ ಈಗ 420ನ್ನು ಮೀರಿದೆ. ಕೋಟ್ಯಂತರ ವರ್ಷಗಳಲ್ಲಿ ನೆಲದಡಿ ಹುದುಗಿದ ಇಂಗಾಲವನ್ನು ಎರಡು ಮೂರು ಶತಮಾನಗಳಲ್ಲಿ ಉರಿಸಿದರೆ ಗಿಡಮರಗಳೂ ಕಡಲೂ ಅದನ್ನು ಪೂರ್ತಿ ಹೀರಲಾರವು. ಫ್ಯಾರಡೆಯ ರಸಾಯನ ತಪ್ಪಿಲ್ಲ. ಅವನ ಲೆಕ್ಕದಲ್ಲಿ ನಾವು ಇಷ್ಟು ಬತ್ತಿಗಳನ್ನು ಹೊತ್ತಿಸುವ ಸಂಗತಿ ಸೇರಿರಲಿಲ್ಲ.

ಜ್ವಾಲೆಯಿಂದ ಒಲೆಗೆ

ಬತ್ತಿಯ ವಿದ್ಯೆ ಬತ್ತಿಯಲ್ಲಿಯೇ ಮುಗಿಯುವುದಿಲ್ಲ. ಹೊಗೆಯೆಂದರೆ ಉರಿಯದೆ ಉಳಿದ ಇಂಧನ ಎಂಬುದನ್ನು ಬಿಳಿಯ ಎಳೆಯ ಪ್ರಯೋಗದಲ್ಲಿ ಕಂಡೆವು. ಸೌದೆಯ ಒಲೆ ಹೊಗೆಯುತ್ತಿದೆಯೆಂದರೆ ಸೌದೆಯ ಒಂದು ಪಾಲು ಶಾಖ ಕೊಡದೆ ಅಡುಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುತ್ತಿದೆಯೆಂದೇ ಅರ್ಥ. ಮನೆಯೊಳಗಿನ ಇಂತಹ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಗೆ ಗಾಳಿ ಎಲ್ಲಿಂದ ಬರಬೇಕು, ಜ್ವಾಲೆಗೆ ಎಷ್ಟು ಎಡೆ ಬೇಕು, ಹೊಗೆ ಎಲ್ಲಿ ಹೊರಡಬೇಕು ಎಂಬ ಪ್ರಶ್ನೆಗಳು ವಿಜ್ಞಾನಿಗಳಿಗೆ ಕಿರಿದಾಗಿ ತೋರಬಾರದು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸ್ಥಾಪಕರಲ್ಲಿ ಒಬ್ಬನಾದ ರಂಫರ್ಡನು ಮನೆಗಳ ಅಗ್ಗಿಷ್ಟಿಕೆಗಳನ್ನು ತಿದ್ದಿ ಹೊಗೆ ತಗ್ಗಿಸಿದವನು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಇದೇ ಪ್ರಶ್ನೆಗಳನ್ನು ಹಿಡಿದು ಮೂರು ಪಾತ್ರೆಗಳ 'ಅಸ್ತ್ರ ಒಲೆ'ಯನ್ನು ರೂಪಿಸಿದರು.

ಹೊಗೆ ಕಾಣದ ಬೆಂಕಿಯೂ ನಿರಪಾಯವಲ್ಲ. ಚಳಿಗೆಂದು ಇದ್ದಲಿನ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದವರು ಬೆಳಗ್ಗೆ ಏಳದೆಹೋದ ಸುದ್ದಿ ಪತ್ರಿಕೆಗಳಲ್ಲಿ ಚಳಿಗಾಲಕ್ಕೊಮ್ಮೆ ಬರುತ್ತಲೇ ಇರುತ್ತದೆ. ಆಮ್ಲಜನಕ ಸಾಲದೆ ಇಂಗಾಲವು ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿದ ವಸ್ತು ಎಲ್ಲಿ ಹೋಯಿತು, ಏನಾಯಿತು ಎಂದು ಕೇಳುವ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಬಂದಿದ್ದವರು ಆ ಕೋಣೆಯ ಕಿಟಕಿಯನ್ನು ಮುಚ್ಚುವ ಮೊದಲು ಒಂದು ಕ್ಷಣ ಯೋಚಿಸುವರು. ಪರೀಕ್ಷೆಗಾಗಿ ಬರೆದ ವಲಯಗಳ ಚಿತ್ರ ಆ ಯೋಚನೆಯನ್ನು ಕೊಡಲಾರದು.

ಇದರಿಂದ ಪುಸ್ತಕದ ವಿಷಯದಲ್ಲಿ ನನ್ನ ಅಭಿಪ್ರಾಯವೂ ವಾಚಕರಿಗೆ ತಿಳಿದಿರಬಹುದು. ಜೇನ್ ಮಾರ್ಸೆಟಳ ಪುಸ್ತಕವನ್ನು ಫ್ಯಾರಡೆ ಓದಿದ ಬಗೆಯೇ ಫ್ಯಾರಡೆಯ ಪುಸ್ತಕವನ್ನು ಓದಬೇಕಾದ ಬಗೆ. ಪಕ್ಕದಲ್ಲಿ ಒಂದು ಮೇಣದ ಬತ್ತಿ, ಒಂದು ಲೋಟ, ಒಂದು ಚೂರು ದಪ್ಪ ಕಾಗದ, ಸ್ವಲ್ಪ ಸುಣ್ಣದ ತಿಳಿ ಇಟ್ಟುಕೊಂಡು, ಹೇಳಿದ್ದನ್ನು ಮಾಡಿ ನೋಡುತ್ತ ಓದಿದವನಿಗೆ ಅದು ಹಳೆಯದಾಗಿ ಕಾಣದು. ಹಾಗೆ ಮಾಡದೆ ಓದಿದವನಿಗೆ ನಾಳೆ ಬರುವ ಹೊಸ ಪುಸ್ತಕವೂ ಹಳೆಯದೇ.

ಮುಂದಿನ ಬಾರಿ ವಿದ್ಯುತ್ತು ನಿಂತಾಗ ಮನೆಯ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಬತ್ತಿಯನ್ನು ಹೊತ್ತಿಸಿರಿ. ಸಡಿಲವಾದ ಬಟ್ಟೆ, ಕಾಗದದ ರಾಶಿ ದೂರವಿರಲಿ. ಹತ್ತಿರ ಒಂದು ಚೆಂಬು ನೀರಿರಲಿ. ವಿದ್ಯುತ್ತು ಬಂದ ಕೂಡಲೆ ಆರಿಸಬೇಡಿ. ಉರಿಯುತ್ತಿರುವುದು ಯಾವುದು ಎಂದು ಮೊದಲು ಮಕ್ಕಳನ್ನು ಕೇಳಿರಿ. ಉತ್ತರ ಬಂದ ಮೇಲೆ ಊದಿ, ಬಿಳಿಯ ಎಳೆ ಏಳುತ್ತಲೇ ಕಡ್ಡಿ ಗೀರಿರಿ.